ಓಟಿಪಿ ಇಲ್ಲದ ಅಜ್ಜಿ

ಗ್ರಾಹಕರು ಓಟಿಪಿ ಹೇಳದೆ ನಾವು ಡೆಲಿವರಿ ಹುಡುಗರು ಪಾರ್ಸೆಲ್ ಕೊಡೋ ಹಾಗಿಲ್ಲ. ಸರಿ, ದುಬಾರಿ ಮೊಬೈಲ್‌ಗೆ ಆ ರೂಲ್ಸ್ ಇರಲಿ. ದಾವಣಗೆರೆ ನಿಟುವಳ್ಳಿಯ ಅಜ್ಜಿಯ ಮಂಡಿನೋವಿನ ಪಟ್ಟಿಗೂ ಬೇಕಾ? ಓಟಿಪಿ ಹೋಗೋ ನಂಬರ್ ಮಗಂದು. ಮಗ ಬೆಂಗಳೂರಲ್ಲಿ, ಫೋನ್ ಎತ್ತಲ್ಲ. "ನಂದೇ ಕಣಪ್ಪಾ, ಕೊಟ್ಟು ಹೋಗು" ಅಂತಾರೆ ಅಜ್ಜಿ. ಕೊಟ್ಟು ಬಿಡೋಣ ಅಂದ್ರೆ ಆ್ಯಪ್ ಮುಂದಕ್ಕೇ ಹೋಗಲ್ಲ, ನಾಳೆ ತಕರಾರು ಬಂದ್ರೆ ದುಡ್ಡು ನನ್ನ ತಲೆಗೆ. ವಾಪಸ್ ಒಯ್ದರೆ ಹಬ್‌ನಲ್ಲಿ, ಅಂದ್ರೆ ನಮ್ಮ ಪಾರ್ಸೆಲ್ ಗೋಡೌನ್‌ನಲ್ಲಿ, ಮಂಗಳಾರತಿ. ಆ್ಯಪ್‌ನಲ್ಲಿ ವಾಪಸ್ಸಿನ ಕಾರಣ ಒತ್ತೋಣ ಅಂದ್ರೆ ಇರೋದು 'ಮನೆಗೆ ಬೀಗ', 'ಗ್ರಾಹಕರು ಬೇಡ ಅಂದರು'. ಬಾಗಿಲು ತೆಗೆದೇ ಇದೆ, ಅಜ್ಜಿ ಎದುರಿಗೇ ನಿಂತಿದ್ದಾರೆ ಕಣ್ರೀ, ಬಿಸಿಲು ಅಂತ ಮಜ್ಜಿಗೆ ಬೇರೆ ಕೊಟ್ಟರು! ಕುಡಿದು, ಡಬ್ಬಿ ವಾಪಸ್ ಬ್ಯಾಗಿಗೆ ಹಾಕ್ಕೊಂಡೆ. ಹದಡಿ ರಸ್ತೆ ದಾಟಿದ ಮೇಲೆ ಮಗರಾಯನ ಫೋನ್: "ಬ್ರೋ, ಮನೆ ಹತ್ರಾನೇ ಇದ್ದೀರಾ?"