ನೋಡೋಕೆ ಹುಲಿ, ಕೂತರೆ ಕುದುರೆ

ಪಿಕಪ್ ಗಾಡಿ ತಗೊಳ್ಳೋದು ಅಂತ ತೀರ್ಮಾನವಾಗಿದ್ದು ಒಂದೇ ಸಂಜೆಯಲ್ಲಿ. ಯಾವ ಮಾಡೆಲ್ ಅನ್ನೋದೂ ಅವತ್ತೇ ಇತ್ಯರ್ಥವಾಯಿತು. ಆ ಮಾಡೆಲ್‌ನ ಯಾವ ವೇರಿಯಂಟ್, ಅಂದರೆ ಯಾವ ದರ್ಜೆಯದು ಅನ್ನೋದಕ್ಕೆ ಮಾತ್ರ ನಾಲ್ಕು ತಿಂಗಳು ಬೇಕಾಯಿತು. ನಮ್ಮ ಮದುವೆ ಇದಕ್ಕಿಂತ ಬೇಗ ನಿಶ್ಚಯವಾಗಿತ್ತು ಅಂತ ಹೆಂಡತಿ ಆಗಾಗ ನೆನಪಿಸುತ್ತಿದ್ದಳು. ಅದು ಹೆಮ್ಮೆಯೋ ಪಶ್ಚಾತ್ತಾಪವೋ, ನಾನು ಕೇಳಲು ಹೋಗಲಿಲ್ಲ.

ಮೂರು ವೇರಿಯಂಟ್ ಇದ್ದವು. ಎಂಜಿನ್ ಒಂದೇ. ಚಾಸಿ ಒಂದೇ. ಹಿಂದೆ ಲೋಡ್ ಹಾಕುವ ಡೆಕ್ ಕೂಡ ಒಂದೇ ಅಳತೆ. ಕೆಳಗಿನದಕ್ಕೆ ಉಕ್ಕಿನ ಚಕ್ರ, ಬಣ್ಣ ಹಚ್ಚದ ಬಂಪರ್, ಬಟ್ಟೆಯ ಸೀಟು. ದುಡಿಯೋಕೆ ಹೊರಟ ಗಾಡಿ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಮಧ್ಯದ್ದಕ್ಕೆ 17 ಇಂಚಿನ ಅಲಾಯ್ ಚಕ್ರ, ಬಂಪರಿಗೆ ಬಣ್ಣ, ಸ್ವಲ್ಪ ಮೆತ್ತಗಿನ ಸೀಟು. ಮೇಲಿನದು ಬೇರೆಯೇ ಪ್ರಾಣಿ. 18 ಇಂಚಿನ ಕಪ್ಪು ಚಕ್ರ, ಕಪ್ಪು ಗ್ರಿಲ್, ಚರ್ಮದ ಸೀಟಿಗೆ ಕೆಂಪು ಹೊಲಿಗೆ, ಡೆಕ್ ಮೇಲೆ ಸ್ಪೋರ್ಟ್ಸ್ ಬಾರ್ ಅನ್ನೋ ದಪ್ಪನೆಯ ಕೊಳವೆ. ಆ ಬಾರ್ ಏನಕ್ಕೆ ಅಂತ ಸೇಲ್ಸ್ ಹುಡುಗನನ್ನು ಕೇಳಿದೆ. "ಲುಕ್ಕಿಗೆ ಸಾರ್" ಅಂದ. ಅಷ್ಟು ಪ್ರಾಮಾಣಿಕ ಉತ್ತರ ಆ ಶೋರೂಮಿನಲ್ಲಿ ಮತ್ತೆ ಸಿಗಲಿಲ್ಲ.

ಹೆಸರುಗಳೂ ತಲೆ ಕೆಡಿಸುತ್ತವೆ. ಆ ನಾಲ್ಕು ತಿಂಗಳಲ್ಲಿ ನಾನು ಕನಸಿನಲ್ಲೂ ಕೊಳ್ಳಲಾಗದ ಗಾಡಿಗಳ ಬಗ್ಗೆಯೂ ಓದಿಬಿಟ್ಟೆ. ಅಮೆರಿಕದ ಪಿಕಪ್ ಫೋರ್ಡ್ ಎಫ್-150ರಲ್ಲಿ ಲಾರಿಯಟ್ ಅಂತ ಒಂದು ವೇರಿಯಂಟ್ ಇದೆ. ಲಾರಿಯಟ್ ಅಂದರೆ ದನ ಹಿಡಿಯಲು ಎಸೆಯುವ ಕುಣಿಕೆ ಹಗ್ಗ. ಗಿರಾಕಿಯ ಕೊರಳಿಗೆ ಬೀಳೋಕೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಾ? ಅಲ್ಲಿನದೇ ಇನ್ನೊಂದು ಪಿಕಪ್ ರಾಮ್ 1500ರಲ್ಲಿ ಟ್ರೇಡ್ಸ್‌ಮನ್ ಅಂತ ಇದೆ. ಕಸುಬಿನವನು. ಅದೇ ಗಾಡಿಗೆ ಕಪ್ಪು ಗ್ರಿಲ್ಲು, ಹಲ್ಲು ಹಲ್ಲಿನ ಟೈರು ಕೂರಿಸಿದರೆ ರೆಬೆಲ್. ಬಂಡಾಯಗಾರ! ಆಫೀಸಿನಲ್ಲಿ ಅರ್ಧ ದಿನ ರಜೆ ಕೇಳೋಕೆ ಮೂರು ದಿನ ತಾಲೀಮು ಮಾಡುವವನು ನಾನು. ನನ್ನಂಥವರನ್ನು ನೋಡಿಯೇ ಇಂಥ ಹೆಸರು ಇಡುತ್ತಾರೆ ಅಂತ ನನ್ನ ಅನುಮಾನ.

"ಲೋಡ್ ಹೊರೋ ಗಾಡಿಗೆ ಇಷ್ಟೊಂದು ಅಲಂಕಾರ ಯಾಕ್ರೀ?" ಅಂದಳು ಹೆಂಡತಿ. ನಾನು ಇತಿಹಾಸದ ಮೊರೆ ಹೋದೆ. ಫೋರ್ಡ್‌ನವರು ಮಾಡೆಲ್ ಟಿ ಕಾರಿಗೆ ಫ್ಯಾಕ್ಟರಿಯಲ್ಲೇ ಪಿಕಪ್ ಡೆಕ್ ಕೂರಿಸಿ ಮಾರಿದ್ದು 1925ರಲ್ಲಿ. ಅದಾಗಿ ಮೂವತ್ತೇ ವರ್ಷಕ್ಕೆ, 1955ರಲ್ಲಿ, ಷೆವರ್ಲೆಯವರು ಕ್ಯಾಮಿಯೊ ಕ್ಯಾರಿಯರ್ ಅಂತ ಒಂದನ್ನು ತಂದರು. ಡೆಕ್‌ನ ಎರಡೂ ಬದಿಗೆ ಫೈಬರ್‌ಗ್ಲಾಸ್ ಹೊದಿಸಿ ಕಾರಿನ ಹಾಗೆ ನುಣ್ಣಗೆ ಮಾಡಿದ್ದರು. ಹೊರೆ ಜಾಸ್ತಿ ಹೊರಲಿ ಅಂತಲ್ಲ, ಸುಮ್ನೆ ಚೆಂದ ಕಾಣಲಿ ಅಂತ. "ನೋಡು, ಈ ಹುಚ್ಚು ನನ್ನಿಂದ ಶುರುವಾಗಿದ್ದಲ್ಲ" ಅಂದೆ. 1958ರಲ್ಲಿ ಆ ಗಾಡಿ ನಿಂತೇಹೋಯಿತು ಅನ್ನೋದನ್ನು ಮಾತ್ರ ಹೇಳಲಿಲ್ಲ.

ಟೆಸ್ಟ್ ಡ್ರೈವಿಗೆ ಸಂಸಾರ ಸಮೇತ ಹೋದೆವು. ಮೊದಲು ಮೇಲಿನ ವೇರಿಯಂಟ್. ನಾನು ಸ್ಟೇರಿಂಗ್ ಹಿಡಿದೆ. ಪಕ್ಕದಲ್ಲಿ ಸೇಲ್ಸ್ ಹುಡುಗ. ಹಿಂದೆ ಅಮ್ಮ, ಹೆಂಡತಿ, ಭಾವಮೈದುನ. ಶೋರೂಮಿನ ಮುಂದಿನ ರಸ್ತೆ ಕನ್ನಡಿಯ ಹಾಗಿತ್ತು. ಇಂಥ ರಸ್ತೆ ನೋಡಿಯೇ ಅವರು ಜಾಗ ಹಿಡಿದಿರಬೇಕು. "ತೇಲ್ತಾ ಇದೆ ಅಲ್ವಾ?" ಅಂದೆ. ಹಿಂದಿನಿಂದ ಉತ್ತರವಿಲ್ಲ. ಮೌನವೇ ಸಮ್ಮತಿ ಅಂದುಕೊಂಡೆ. ಅಮ್ಮ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು ಅನ್ನೋದು ಆಮೇಲೆ ಗೊತ್ತಾಯಿತು.

ನಂತರ ಮಧ್ಯದ ವೇರಿಯಂಟಿನಲ್ಲಿ ಅದೇ ರಸ್ತೆಗೆ ಹೋಗಿ ಬಂದೆವು. ಇಳಿಯುತ್ತಲೇ ಹೆಂಡತಿ "ಇದೇ ಸಾಕು ರೀ" ಅಂದಳು. ಕಾರಣ ಕೇಳಿದೆ. "ನಾನು ಕೂರೋದು ಹಿಂದೆ. ನನ್ನ ಬೆನ್ನು ಹೇಳ್ತು" ಅಂದಳು. ಇದೊಂದು ಕಾರಣವಾ? ಬ್ರೋಷರಿನಲ್ಲಿ ಬೆನ್ನಿಗೆ ಅಂತ ಕಾಲಮ್ಮೇ ಇರಲಿಲ್ಲ. ಅಲ್ಲಿ ಇದ್ದಿದ್ದು 'ಸ್ಪೋರ್ಟ್ ಸಸ್ಪೆನ್ಷನ್', ಅದೂ ಮೇಲಿನದಕ್ಕೆ ಮಾತ್ರ. ಸಸ್ಪೆನ್ಷನ್ ಅಂದರೆ ರಸ್ತೆಯ ಏಟು ತಡೆಯುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಜೋಡಣೆ. ಸ್ಪೋರ್ಟ್ ಅಂದರೆ ಉಲ್ಲಾಸ, ಉತ್ಸಾಹ ಅಂತ ನಾನು ತಿಳಿದಿದ್ದೆ. ಗಾಡಿಯ ಭಾಷೆಯಲ್ಲಿ ಹಾಗಂದರೆ 'ಗಟ್ಟಿ' ಅಂತ ಅರ್ಥವಂತೆ.

ಕೊನೆಗೆ ಕೊಂಡಿದ್ದು ಮೇಲಿನದನ್ನೇ. ನನ್ನ ಫೋನಿನ ವಾಲ್‌ಪೇಪರಿನಲ್ಲಿ ಮಗಳ ಫೋಟೊ ಇದ್ದ ಜಾಗಕ್ಕೆ ಆಗಲೇ ಆ ಕಪ್ಪು ಗ್ರಿಲ್ ಬಂದು ಕೂತಿತ್ತು. ಇನ್ನು ಚರ್ಚೆ ಎಲ್ಲಿಯದು?

ಮೊದಲ ದಿನ ಗಾಡಿಯಲ್ಲಿ ನಾವಿಬ್ಬರೇ. ಡೆಕ್ ಖಾಲಿ. ಮೊದಲ ಹಂಪ್ ಬಂತು. ನಾನು ಅದೇ ಹೊತ್ತಿಗೆ "ಎಷ್ಟು ಆರಾಮಾ" ಅಂತ ಹೇಳಲು ಹೊರಟಿದ್ದೆ. 'ಆರಾ' ಅನ್ನುವಷ್ಟರಲ್ಲಿ ಮುಂದಿನ ಚಕ್ರ ಇಳಿಯಿತು, ಹಿಂದಿನ ಚಕ್ರ ಹಾರಿತು, 'ಮಾ' ಬರಬೇಕಾದ ಜಾಗದಲ್ಲಿ ನಾಲಿಗೆ ಕಚ್ಚಿಕೊಂಡೆ. ಹೆಂಡತಿ ಕುಡಿಯಲು ಎತ್ತಿದ್ದ ಬಾಟಲಿಯ ನೀರು ಮೂಗಿಗೆ ಹೋಯಿತು. ಎರಡು ದಿನ ನನಗೆ ಸರಿಯಾಗಿ ಮಾತಾಡಲು ಆಗಲಿಲ್ಲ. ಅವಳು ಮಾತಾಡಲಿಲ್ಲ.

ಅಮ್ಮನದು ಇನ್ನೊಂದು ಕತೆ. ಮೇಲಿನ ವೇರಿಯಂಟಿಗೆ ಪಕ್ಕದಲ್ಲಿ ಕಪ್ಪು ಬಣ್ಣದ ಮೆಟ್ಟಿಲು ಕೊಟ್ಟಿದ್ದರು. ನೋಡಲು ಬಹಳ ಚೆಂದ. ಅಮ್ಮನ ಪಾದ ಅದರಲ್ಲಿ ಅರ್ಧವೂ ಹಿಡಿಸುತ್ತಿರಲಿಲ್ಲ. ಮೇಲೆ ಹತ್ತಲು ಎತ್ತರ ಜಾಸ್ತಿ, ಕೆಳಗೆ ಇಳಿಯಲು ಇನ್ನೂ ಜಾಸ್ತಿ. ಕೊನೆಗೆ ಬಚ್ಚಲುಮನೆಯ ನೀಲಿ ಪ್ಲಾಸ್ಟಿಕ್ ಸ್ಟೂಲು ಗಾಡಿಯಲ್ಲೇ ಕಾಯಂ ಆಯಿತು. ಎಲ್ಲಿಗೆ ಹೋದರೂ ನಾನು ಮೊದಲು ಇಳಿದು, ಸ್ಟೂಲು ಹಾಕಿ, ಬಾಗಿಲು ತೆಗೆದು ಪಕ್ಕದಲ್ಲಿ ನಿಲ್ಲಬೇಕು. ನೋಡಿದವರಿಗೆ ಮಹಾರಾಣಿ ಬಂದ ಹಾಗೆ ಕಾಣುತ್ತಿತ್ತು. ಸ್ಟೂಲಿನ ಬಣ್ಣ ಒಂದು ಕಪ್ಪಾಗಿದ್ದರೆ ಪ್ಯಾಕೇಜ್ ಪೂರ್ತಿಯಾಗುತ್ತಿತ್ತು.

ಹದಿನೈದು ದಿನ ತಡೆದು ಮೆಕ್ಯಾನಿಕ್ ಬಳಿ ಹೋದೆ. ಅವರು ಬಾನೆಟ್ ಎತ್ತಲಿಲ್ಲ. ಚಾಲಕನ ಬಾಗಿಲು ತೆಗೆದು, ಬಾಗಿಲ ಚೌಕಟ್ಟಿನ ಕಂಬಕ್ಕೆ ಅಂಟಿಸಿದ್ದ ಸ್ಟಿಕರ್ ತೋರಿಸಿದರು. ಟೈರಿನ ಗಾಳಿಗೆ ಎರಡು ಲೆಕ್ಕ ಬರೆದಿತ್ತು: ಖಾಲಿ ಇದ್ದಾಗ ಒಂದು, ಲೋಡ್ ಇದ್ದಾಗ ಒಂದು. ನನ್ನ ಟೈರುಗಳಲ್ಲಿ ಎರಡನ್ನೂ ಮೀರಿ ಗಾಳಿ ತುಂಬಿತ್ತು. ತುಂಬಿಸಿದ್ದು ನಾನೇ. ಟೈರಿನ ಮೈಮೇಲೆ ಬರೆದ ದೊಡ್ಡ ಅಂಕಿ ನೋಡಿ 'ಅಷ್ಟು ಹಾಕಿ' ಅಂದಿದ್ದೆ. ಅದು ಆ ಟೈರು ತಡೆಯುವ ಗರಿಷ್ಠ ಮಿತಿಯಂತೆ, ಹಾಕಬೇಕಾದ ಲೆಕ್ಕ ಅಲ್ಲವಂತೆ. ಗಾಳಿ ಇಳಿಸಿದರು. ಕುಣಿತ ಸ್ವಲ್ಪ ಕಮ್ಮಿಯಾಯಿತು. ಸ್ವಲ್ಪವೇ.

"ಉಳಿದಿದ್ದಕ್ಕೆ ಏನು ಮಾಡೋದು?" ಅಂದೆ. ಅವರು ಗಾಡಿಯ ಕೆಳಗೆ ಬಗ್ಗಿ ನೋಡಲು ಹೇಳಿದರು. ಹಿಂದಿನ ಆಕ್ಸಲ್ ಮೇಲೆ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಬಿಲ್ಲಿನ ಹಾಗೆ ಬಾಗಿ ಕೂತಿದ್ದವು. ಲೀಫ್ ಸ್ಪ್ರಿಂಗ್. ಒಂದು ಟನ್ ಹತ್ತಿರದ ಭಾರಕ್ಕೆ ಅಂತ ಕಟ್ಟಿದ್ದು. ಭಾರ ಬಿದ್ದರೆ ಬಗ್ಗಿ ಮೆತ್ತಗಾಗುತ್ತದೆ. ಖಾಲಿ ಓಡಿಸಿದರೆ ಬಗ್ಗೋದೇ ಇಲ್ಲ, ರಸ್ತೆಯ ಏಟನ್ನು ಹಾಗೇ ಮೇಲಕ್ಕೆ ಕಳಿಸುತ್ತದೆ. 2009ರ ಮಾದರಿಯಿಂದ ಡಾಡ್ಜ್ ರಾಮ್ 1500ರ ಹಿಂಬದಿಗೆ ಲೀಫ್ ಬದಲು ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಬಂತು ಅಂತ ಓದಿದ್ದು ನೆನಪಾಯಿತು. ಓದಿದ್ದೆ, ಸರಿ. ಯಾಕೆ ಬಂತು ಅಂತ ಯೋಚಿಸಿರಲಿಲ್ಲ.

"ಮೂರೂ ವೇರಿಯಂಟಿಗೆ ಇದೇ ಸ್ಪ್ರಿಂಗ್ ತಾನೇ?" ಅಂತ ಸಮಾಧಾನಕ್ಕೆ ಕೇಳಿದೆ. "ಸ್ಪ್ರಿಂಗ್ ಅದೇ. ಟೈರು ಬೇರೆ ಅಲ್ವಾ ಸಾರ್" ಅಂದು ಒಂದು ಲೆಕ್ಕ ಹಾಕಿ ತೋರಿಸಿದರು. 17 ಇಂಚಿನ ಚಕ್ರಕ್ಕೆ 265/65 ಟೈರು. 18 ಇಂಚಿನದಕ್ಕೆ 265/60. ಹೊರಗಿನ ಸುತ್ತಳತೆ ಎರಡರದ್ದೂ ಹೆಚ್ಚೂಕಮ್ಮಿ ಒಂದೇ. ಅಂದರೆ ಚಕ್ರ ದೊಡ್ಡದಾದರೂ ಗಾಡಿ ಎತ್ತರ ಆಗಲಿಲ್ಲ, ರಬ್ಬರ್ ಕಮ್ಮಿಯಾಯಿತು. 265 ಅನ್ನೋದು ಮಿಲಿಮೀಟರಿನಲ್ಲಿ ಟೈರಿನ ಅಗಲ. ಅದರಲ್ಲಿ ನೂರಕ್ಕೆ 65 ಅಂದರೆ ಟೈರಿನ ಪಕ್ಕೆಯ ಎತ್ತರ ಸುಮಾರು 172 ಮಿಲಿಮೀಟರ್. ನೂರಕ್ಕೆ 60 ಅಂದರೆ 159. ಮಧ್ಯದ 13 ಮಿಲಿಮೀಟರ್ ರಬ್ಬರನ್ನು ಜಾಸ್ತಿ ದುಡ್ಡು ಕೊಟ್ಟು ತೆಗೆಸಿಕೊಂಡು ಬಂದಿದ್ದೆ ನಾನು. ಗುಂಡಿಗೆ ಇಳಿದಾಗ ಮೊದಲು ಬಗ್ಗುವುದು ಆ ರಬ್ಬರು. ಅದು ಬಗ್ಗದಿದ್ದರೆ ಸರದಿ ಸೊಂಟಕ್ಕೆ ಬರುತ್ತದೆ.

ಅದೇ ವಾರ ಪಕ್ಕದ ಮನೆಯವರು ಒಂದು ಕಬ್ಬಿಣದ ಬೀರು ಸಾಗಿಸಬೇಕು ಅಂದರು. ಬೀರು, ಮಂಚ, ಎರಡು ಟ್ರಂಕು. ಒಲ್ಲದ ಮನಸ್ಸಿನಿಂದ ಹೊರಟೆ. ಮೊದಲ ಹಂಪ್ ಬಂದಾಗ ಅಭ್ಯಾಸದಂತೆ ಹಲ್ಲು ಕಚ್ಚಿದೆ. ಏನೂ ಆಗಲಿಲ್ಲ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಾಡಿ ದಾಟಿಹೋಯಿತು. ಬೀರು ಇಳಿಸುವಾಗ ನನಗೇ ಬೇಜಾರಾಯಿತು. ವಾಪಸ್ ಬರುವಾಗ ಪೂರ್ತಿ ಕುಣಿದುಕೊಂಡೇ ಬಂದೆ.

ಅಲ್ಲಿಂದ ನಾನು ಮನೆ ಬದಲಾಯಿಸುವವರನ್ನು ಹುಡುಕತೊಡಗಿದೆ. ಯಾರಾದರೂ ಬಾಡಿಗೆ ಮನೆಯ ಬಗ್ಗೆ ಬೇಸರದಿಂದ ಮಾತಾಡಿದರೆ "ಬಿಟ್ಟುಬಿಡಿ, ಸಾಮಾನು ಸಾಗಿಸೋಕೆ ನಾನಿದ್ದೀನಿ" ಅನ್ನುತ್ತಿದ್ದೆ. ಜನ ನನ್ನನ್ನು ಪರೋಪಕಾರಿ ಅಂದುಕೊಂಡರು. ಭಾನುವಾರಗಳು ಮಾಯವಾದವು. ಚರ್ಮದ ಸೀಟಿನ, ಕೆಂಪು ಹೊಲಿಗೆಯ ಗಾಡಿಯಲ್ಲಿ ಹಳೇ ಹಾಸಿಗೆ ಹೊತ್ತು ತಿರುಗುವ ಏಕೈಕ ಬಂಡಾಯಗಾರ ನಾನೇ ಇರಬೇಕು.

ಪ್ರತಿ ವಾರ ಯಾರು ಮನೆ ಬದಲಾಯಿಸುತ್ತಾರೆ? ಹಾಗಾಗಿ ಮರಳಿನ ಮೂಟೆ ಉಪಾಯ ಹೊಳೆಯಿತು. 50 ಕೆಜಿಯ ಮೂರು ಮೂಟೆ, ಹಿಂದಿನ ಆಕ್ಸಲ್ಲಿನ ನೇರಕ್ಕೆ. ಎರಡನ್ನು ಬಿಗಿಯಾಗಿ ಕಟ್ಟಿದೆ. ಮೂರನೆಯದಕ್ಕೆ ಹಗ್ಗ ಸಾಲಲಿಲ್ಲ. ಅದು ಒಂದು ತಿರುವಿನಲ್ಲಿ ಜಾರಿ, ಡೆಕ್‌ನ ಕೊಕ್ಕೆಗೆ ಸಿಕ್ಕಿ ಹರಿಯಿತು. ಮನೆಗೆ ಬಂದು ನೋಡಿದರೆ ಡೆಕ್ ತುಂಬಾ ಮರಳು ಹರಡಿತ್ತು. ನಾಳೆ ಗುಡಿಸೋಣ ಅಂತ ಬಿಟ್ಟೆ. ಬೆಳಗ್ಗೆ ಹೋಗುವಷ್ಟರಲ್ಲಿ ಬೀದಿಯ ಬೆಕ್ಕು ಅದನ್ನು ತನ್ನ ಅನುಕೂಲಕ್ಕೆ ಬಳಸಿಕೊಂಡಿತ್ತು. ಮಾರನೆಯ ದಿನ ಇನ್ನೊಂದನ್ನು ಕರೆದುಕೊಂಡು ಬಂತು. ಆ ಗಾಡಿಯಲ್ಲಿ ನೆಮ್ಮದಿ ಕಂಡವರು ಅಂದರೆ ಅವೆರಡೇ.

ಮರಳು ತೊಳೆಯುತ್ತಿದ್ದಾಗ ಭಾವಮೈದುನ ಬಂದ. ಅವನೂ ಅದೇ ಪಿಕಪ್ ಬುಕ್ ಮಾಡಿದ್ದನಂತೆ. ಯಾವ ವೇರಿಯಂಟ್ ಅಂದೆ. "ಮಧ್ಯದ್ದು ಭಾವ. ಅಕ್ಕ ಹೇಳಿದಳು" ಅಂದ. ನಾಲ್ಕು ತಿಂಗಳು ಓದಿದ ನನ್ನನ್ನು ಒಂದು ಮಾತು ಕೇಳಬಾರದಿತ್ತಾ? ಕೇಳಿದ್ದರೆ ಏನು ಹೇಳುತ್ತಿದ್ದೆ ಅನ್ನೋದು ಬೇರೆ ವಿಷಯ.

ಕಳೆದ ತಿಂಗಳು ಎರಡೂ ಸಂಸಾರ ಸೇರಿ ಪ್ರವಾಸ ಹೊರಟೆವು. ಹೊರಡುವ ಮೊದಲು ಒಂದು ಫೋಟೊ ಆಗಲಿ ಅಂದರು. ಎಲ್ಲರೂ ನನ್ನ ಗಾಡಿಯ ಕಪ್ಪು ಗ್ರಿಲ್ಲಿನ ಮುಂದೆ ಸಾಲಾಗಿ ನಿಂತರು. "ಭಾವ, ನಿಮ್ಮ ಗಾಡಿ ಲುಕ್ಕೇ ಲುಕ್ಕು" ಅಂದ ಭಾವಮೈದುನ. ಫೋಟೊ ಬಹಳ ಚೆನ್ನಾಗಿ ಬಂತು. ಆಮೇಲೆ ಅಮ್ಮ, ಹೆಂಡತಿ, ಮಗಳು ಮೂವರೂ ಒಂದು ಮಾತೂ ಆಡದೆ ಅವನ ಗಾಡಿ ಹತ್ತಿದರು. ಅಮ್ಮ ನೀಲಿ ಸ್ಟೂಲನ್ನೂ ತೆಗೆದುಕೊಂಡು ಹೋದಳು. ನನ್ನ ಗಾಡಿಗೆ ಎಲ್ಲರ ಲಗೇಜ್ ತುಂಬಿದರು. ಲಗೇಜ್ ಸಾಕಷ್ಟು ಭಾರವಾಗಿತ್ತು. ದಾರಿಯುದ್ದಕ್ಕೂ ನಾನು ತುಂಬಾ ಆರಾಮಾಗಿ ಹೋದೆ.