ಬಿಟ್ಟನಂತೆ, ಬಿಟ್ಟ!

ಭಾನುವಾರ ಬೆಳಿಗ್ಗೆ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಗಾಳ ಹಾಕಿ ಕೂತಿದ್ದೆ. ಪಕ್ಕದವನಿಗೆ ಹೆಚ್ಚುಕಮ್ಮಿ ಒಂದು ಮೀಟರ್ ಉದ್ದದ ಬಾರಾಮುಂಡಿ ಮೀನು ಸಿಕ್ಕಿತು. "ತಿನ್ನಲ್ಲ ಅಣ್ಣ, ಹಿಡಿದು ವಾಪಸ್ ನೀರಿಗೇ ಬಿಡ್ತೀನಿ" ಅಂದ. ಖುಷಿಯಾಯಿತು.

ಆಮೇಲೆ ಶುರುವಾಯಿತು ನೋಡಿ, ಫೋಟೊ ಕಾಟ. ಕಾದ ಕಲ್ಲಿನ ಮೇಲೆ ಮಲಗಿಸಿ ಒಂದು. ಕಿವಿರಿಗೆ ಬೆರಳು ತೂರಿಸಿ ನೇತಾಡಿಸಿ ಇನ್ನೊಂದು. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮತ್ತೊಂದು! ಹಿಡಿಯೋದಕ್ಕೆ ಒಣ ಟವೆಲ್ ಬೇರೆ. ಮೀನಿನ ಮೈಮೇಲಿನ ಲೋಳೆ ಸುಮ್ನೆ ಇರೋದಲ್ಲ ಮಾರಾಯ, ಸೋಂಕು ತಡೆಯೋದೇ ಅದು, ಒಣ ಬಟ್ಟೆ ತಾಗಿದರೆ ಉಜ್ಜಿ ಹೋಗುತ್ತೆ. ಕೈಯನ್ನಾದರೂ ಒದ್ದೆ ಮಾಡಿಕೊಳ್ಳಬಾರದಾ?

ಕೊನೆಗೆ ಕಲ್ಲೆಸೆದ ಹಾಗೆ ನೀರಿಗೆ ಎಸೆದ. ಹೊಟ್ಟೆ ಮೇಲಾಗಿ ತೇಲಿತು. ಎರಡೂ ಕೈಯಲ್ಲಿ ನೀರೊಳಗೆ ನೆಟ್ಟಗೆ ಹಿಡಿದುಕೊಂಡು, ಅದೇ ಬಾಲ ಬಡಿದು ಹೋಗುವವರೆಗೆ ಕಾಯಬೇಕಿತ್ತು. ಅಷ್ಟು ಪುರುಸೊತ್ತು ಯಾರಿಗಿದೆ? ಫೋಟೊಗೆ ಮಾತ್ರ ಹತ್ತು ನಿಮಿಷ ಇತ್ತು.

ಬಾರಾಮುಂಡಿ ಮೊದಲು ಗಂಡಾಗಿದ್ದು, ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ಆ ಗಾತ್ರದ್ದು ಹೆಚ್ಚಾಗಿ ಮೊಟ್ಟೆ ಇಡುವ ತಾಯಿಯೇ. ಅದಕ್ಕಿಂತ ಸಾರು ಮಾಡಿ ತಿಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ನಿಜಕ್ಕೂ.

"ಸುಸ್ತಾಗಿದೆ, ಹೋಗುತ್ತೆ ಬಿಡಿ" ಅಂತ ಹೇಳಿ ಹೊರಟ. ಮೇಲೆ ಆಗಲೇ ಹದ್ದು ಸುತ್ತುತ್ತಿತ್ತು.