ತಪಾಸಣೆ ಬಂತೆಂದರೆ ಯಾರೋ ದೂರು ಕೊಟ್ಟರು ಎಂದಲ್ಲ

ಹುಬ್ಬಳ್ಳಿ-ಧಾರವಾಡದ ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಕಡೆಯ ಕೆಲಸಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಕಾರ್ಖಾನೆಗೆ ಇನ್‌ಸ್ಪೆಕ್ಟರ್ ಬಂದರೆ ಒಳಗಿನವರೇ ದೂರು ಕೊಟ್ಟಿರುತ್ತಾರೆ, ಅವರ ಹೆಸರು ಮಾಲೀಕರಿಗೆ ಗೊತ್ತಾಗುತ್ತದೆ.' ಎರಡೂ ತಪ್ಪು.

ದೂರು ಅನೇಕ ಕಾರಣಗಳಲ್ಲಿ ಒಂದು ಮಾತ್ರ. ಯಾವ ಕಾರ್ಖಾನೆಗೆ ಹೋಗಬೇಕೆಂದು ಕಂಪ್ಯೂಟರೇ ಆಯ್ದುಕೊಡುವ ಪದ್ಧತಿ ಇದೆ. ಬಾಯ್ಲರ್ ಇದ್ದರೆ ಪ್ರಮಾಣಪತ್ರದ ಅವಧಿ ಮುಗಿಯುವ ಮೊದಲು ಪರೀಕ್ಷೆ ಆಗಲೇಬೇಕು. ಇನ್ನೊಂದು ದೊಡ್ಡ ಕಾರಣ ಅಪಘಾತ. ಪೆಟ್ಟು ತಿಂದವರು 48 ತಾಸು ಅಥವಾ ಹೆಚ್ಚು ಹೊತ್ತು ಕೆಲಸ ಮಾಡಲಾಗದಿದ್ದರೆ ಮ್ಯಾನೇಜರ್ ಕಾರ್ಖಾನೆಗಳ ಇಲಾಖೆಗೆ ತಿಳಿಸಬೇಕು. ಜೀವ ಹೋದರೆ ವಿಚಾರಣೆ ಕಡ್ಡಾಯ. ಬೆರಳು ತುಂಡಾದವರನ್ನು ಖಾಸಗಿ ದವಾಖಾನೆಗೆ ಸೇರಿಸಿ, ಖರ್ಚು ಕೊಟ್ಟು, ಅಲ್ಲಿಗೇ ಮುಗಿಸುವುದು ನೆರವಲ್ಲ, ಕಾನೂನಿನ ಉಲ್ಲಂಘನೆ.

ಇನ್ನು ಹೆಸರಿನ ಮಾತು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆಗೆ 1987ರ ತಿದ್ದುಪಡಿಯಲ್ಲಿ 118ಎ ಕಲಂ ಸೇರಿಸಿದ್ದೇ ಈ ಭಯಕ್ಕಾಗಿ. ಅದರಂತೆ ದೂರು ಯಾರಿಂದ ಬಂತೆಂಬುದನ್ನು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕಿತ್ತು. ಅಷ್ಟೇ ಅಲ್ಲ, 'ದೂರು ಬಂದಿದೆ, ಅದಕ್ಕೇ ಬಂದೆ' ಎಂದು ಕೂಡ ಮಾಲೀಕರಿಗಾಗಲಿ ಮ್ಯಾನೇಜರಿಗಾಗಲಿ ಹೇಳುವಂತಿರಲಿಲ್ಲ. ಈ ಎರಡನೆಯ ಮಾತು ಬಹಳ ಜನರಿಗೆ ಗೊತ್ತಿಲ್ಲ, ಗೊತ್ತಿರಬೇಕು.

2022ರ ಜುಲೈನಲ್ಲಿ ತಾರಿಹಾಳದಲ್ಲಿ ಹುಟ್ಟುಹಬ್ಬದ ಕಿಡಿ ಹಾರುವ ಮೇಣದಬತ್ತಿ ತಯಾರಿಸುತ್ತಿದ್ದ ಕಾರ್ಖಾನೆಗೆ ಬೆಂಕಿ ಬಿದ್ದು ಕೆಲಸಗಾರರು ಸತ್ತರು. ಅಂಥ ಊರಿನಲ್ಲಿ ಕೆಲಸಗಾರರ ಬಾಯಿ ಕಟ್ಟುವ ಸುದ್ದಿ ಹಬ್ಬಿಸುವುದು ಸಣ್ಣ ತಪ್ಪಲ್ಲ. ಆ ಸಂದೇಶ ನಿಮಗೂ ಬಂದಿದ್ದರೆ ಮುಂದೆ ಕಳಿಸಬೇಡಿ; ಕಳಿಸಿದವರಿಗೆ ಇದನ್ನೆಲ್ಲ ತಿಳಿಸಿ.